ಕಮಠಾಣದಿಂದ ಶ್ರೀಶೈಲಕ್ಕೆ, ಜೊತೆಗೆ ಎರಡು ಬಾಟಲಿ ಪೆಟ್ರೋಲು

ಸೋದರಿಯರೇ, ಊರಿಗೆ ಹೊರಟಾಗ ಬುತ್ತಿ ಕಟ್ಟುವ ಕೆಲಸ ನಮ್ಮದು. ರೊಟ್ಟಿ ಎಷ್ಟು, ಹಿಂಡಿ ಎಷ್ಟು, ಕುಡಿಯುವ ನೀರು ದಾರಿಯಲ್ಲಿ ಎಲ್ಲಿ ಸಿಕ್ಕೀತು, ಈ ಲೆಕ್ಕವೆಲ್ಲ ನಮ್ಮ ತಲೆಯಲ್ಲೇ ಇರುತ್ತದೆ. ಆದರೆ ಗಾಡಿಯ ಬುತ್ತಿ, ಅಂದರೆ ಪೆಟ್ರೋಲು, ಅದು ಗಂಡಸರ ಬಾಬತ್ತು ಎಂದು ಕೈಬಿಡುತ್ತೇವೆ. ನಾನೂ ಹಾಗೆಯೇ ಬಿಟ್ಟಿದ್ದೆ. ಅದರಿಂದ ಏನಾಯಿತು ಎಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಮೋಟಾರ್ ಸೈಕಲ್ ಇದ್ದೇ ಇರುತ್ತದಲ್ಲವೇ?

ನಮ್ಮೂರು ಕಮಠಾಣ. ಬೀದರಿನಿಂದ ದಕ್ಷಿಣಕ್ಕೆ 10-12 ಕಿ.ಮೀ. ಬರುವ ದಾರಿಯಲ್ಲಿಯೇ ನಂದಿನಗರದ ಪಶು ವಿಶ್ವವಿದ್ಯಾಲಯ. ಊರಲ್ಲಿ ಪಾರ್ಶ್ವನಾಥನ ಹಳೆಯ ಬಸದಿ ಇದೆ. ಕೆಂಪು ಮಣ್ಣು, ಬೇಸಿಗೆಯಲ್ಲಿ ಬಿಳಿ ಸೀರೆ ಉಟ್ಟು ಬೀದರಿಗೆ ಹೋದರೆ ಬರುವಷ್ಟರಲ್ಲಿ ಅಂಚೆಲ್ಲ ಕೆಂಪು. ಬೆಳಗಾದರೆ ಬೀದರಿನ ವಿಮಾನಪಡೆಯ ಹುಡುಗರು ವಿಮಾನ ಹಾರಿಸಲು ಕಲಿಯುವ ಸದ್ದು ತಲೆಯ ಮೇಲೆ. ಸಂತೆಗೆ ಹೋದರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಗಡಿಯ ಜಿಲ್ಲೆ ನಮ್ಮದು. ಹೀಗಾಗಿ ನಮ್ಮವರಿಗೆಲ್ಲ ಒಂದು ಚಟ: ಈಚೆ ಪೆಟ್ರೋಲ್ ಎಷ್ಟು, ಆಚೆ ಎಷ್ಟು ಅಂತ ಕೇಳುತ್ತಲೇ ಇರುವುದು.

ನನ್ನ ತವರು ಔರಾದ ಕಡೆಯ ಒಂದು ಹಳ್ಳಿ. ನಾನು ಸಣ್ಣವಳಿದ್ದಾಗ ಅಪ್ಪನ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಆಗ ಪೆಟ್ರೋಲ್ ಪಂಪು ಅಂದರೆ ದೂರದ ಮಾತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಗಾಜಿನ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು, ಪಕ್ಕದಲ್ಲಿ ಒಂದು ತಗಡಿನ ಲಾಳಿಕೆ. ಸ್ಕೂಟರ್ ಬುಕ್‌ಬುಕ್ ಅಂತ ನಿಂತರೆ ಅಪ್ಪ ಇಳಿದು, ಗಾಡಿಯನ್ನು ಮಗ್ಗುಲಿಗೆ ವಾಲಿಸಿ, ತಳದಲ್ಲಿ ಉಳಿದ ಹನಿಗಳನ್ನು ಪೈಪಿಗೆ ಇಳಿಸಿ, ಮತ್ತೆ ಒಂದು ಮೈಲು ಓಡಿಸುತ್ತಿದ್ದರು. ಆಮೇಲೆ ನೂಕುವುದು. ನೂಕಲಿಕ್ಕೆ ನಾವು ಮಕ್ಕಳು. ಆ ಕಾಲದಲ್ಲಿ ಡಿಕ್ಕಿಯಲ್ಲಿ ಒಂದು ಬಾಟಲಿ ಪೆಟ್ರೋಲ್ ಇಟ್ಟುಕೊಳ್ಳುವುದಕ್ಕೆ ಅರ್ಥವಿತ್ತು.

ನಮ್ಮವರೂ ಹಾಗೆ ನೂಕಿದ ಮನುಷ್ಯರೇ. ಮದುವೆಗೆ ಮುಂಚೆ ಭಾಲ್ಕಿ ಹಾದಿಯಲ್ಲಿ ರಾತ್ರಿ ಗಾಡಿ ನಿಂತು 6 ಕಿ.ಮೀ. ನೂಕಿದ್ದನ್ನು ನಮ್ಮ ಮನೆಗೆ ಬಂದ ಯಾವ ಬೀಗರೂ ಕೇಳದೆ ಹೋಗಿಲ್ಲ. ಒಮ್ಮೆ ಹೆದರಿದವರಿಗೆ ಲೆಕ್ಕ ಕಾಣಿಸುವುದಿಲ್ಲ, ಬಾಟಲಿಯೇ ಕಾಣಿಸುತ್ತದೆ.

2023ರ ಫೆಬ್ರುವರಿ. ಶಿವರಾತ್ರಿ ಜಾತ್ರೆಯ ಗದ್ದಲ ಮುಗಿಯಲಿ, ಯುಗಾದಿಗೆ ನಡೆದು ಹೋಗುವವರ ನೂಕುನುಗ್ಗಲು ಇನ್ನೂ ಶುರುವಾಗಿರದಿರಲಿ ಎಂದು ಆ ನಡುವಿನ ದಿನಗಳನ್ನು ನೋಡಿ ಶ್ರೀಶೈಲಕ್ಕೆ ಹೊರಟೆವು. ಮಗಳ ಮದುವೆ ಗೊತ್ತಾದರೆ ಮಲ್ಲಯ್ಯನ ಹತ್ತಿರ ಬರುತ್ತೇನೆ ಅಂತ ಬೇಡಿಕೊಂಡಿದ್ದೆ. ಬಸ್ಸಿಗೆ ಹೋಗೋಣ ಎಂದರೆ ನಮ್ಮವರು ಕೇಳಬೇಕಲ್ಲ! ಗಾಡಿಯ ಮೇಲೆಯೇ ಹೋಗೋಣ, ಮನಸ್ಸು ಬಂದಲ್ಲಿ ನಿಲ್ಲಬಹುದು ಎಂದರು. ಕಮಠಾಣದಿಂದ ಶ್ರೀಶೈಲ ಸುಮಾರು 350 ಕಿ.ಮೀ.

ಹಿಂದಿನ ದಿನ ನಾನು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟುತ್ತಿದ್ದರೆ ಅವರು ಅಂಗಳದಲ್ಲಿ ತಮ್ಮ ಬುತ್ತಿ ಕಟ್ಟುತ್ತಿದ್ದರು. ಪಂಪಿನಲ್ಲಿ ಬಾಟಲಿ ಹಿಡಿದರೆ ಅಲ್ಲಿಯ ಹುಡುಗ "ಬಾಟಲಿಗೆ ಕೊಡಂಗಿಲ್ರಿ" ಎಂದು ಕೈಯಾಡಿಸಿದ್ದನಂತೆ. (ಆ ಹುಡುಗನೇ ಜಾಣ.) ಅದಕ್ಕೆ ನಮ್ಮವರು ಗಾಡಿಯ ಪೈಪು ಕಿತ್ತು, ನೀರಿನ ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ಒಂದೊಂದು ಲೀಟರ್ ಇಳಿಸಿದರು. ಬೆಳಿಗ್ಗೆ ಬೀದರಿನಲ್ಲಿ ಮತ್ತೆ ಟ್ಯಾಂಕು ತುಂಬಿಸಿದರಾಯಿತು!

"ಇದೆಲ್ಲ ಯಾಕ್ರೀ?" ಎಂದೆ.

"ತೆಲಂಗಾಣದಾಗ ಲೀಟರಿಗೆ 7 ರೂಪಾಯಿ ಹೆಚ್ಚದ. ಮ್ಯಾಲ ಕಾಡಿನ ಹಾದಿ. ಅಲ್ಲಿ ಗಾಡಿ ನಿಂತ್ರ ಯಾರು ಕೇಳ್ತಾರ? ಇರ್ಲಿ ಬಿಡು, ಭಾರ ಏನ್ ಆಗ್ತದ?"

ಆಗಿನ ದರದಲ್ಲಿ ವ್ಯತ್ಯಾಸ ಅಷ್ಟು ಇದ್ದದ್ದು ನಿಜ. ಎರಡು ಲೀಟರಿಗೆ 14 ರೂಪಾಯಿ ಉಳಿತಾಯ! ನಾನೂ ಸುಮ್ಮನಾದೆ. ಬಾಟಲಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೇರೆ ಚೀಲ ಇಲ್ಲವೆಂದು ರೊಟ್ಟಿಯ ಚೀಲದಲ್ಲೇ ಇಟ್ಟೆ. ಹೌದು, ಇಟ್ಟವಳು ನಾನೇ.

ನಸುಕಿನಲ್ಲಿ 5 ಗಂಟೆಗೆ ಹೊರಟು, ಬೀದರಿನಲ್ಲಿ ಟ್ಯಾಂಕು ತುಂಬಿಸಿ ಜಹೀರಾಬಾದಿನ ಹಾದಿ ಹಿಡಿದೆವು. ಆ ಹೊತ್ತಿನ ಗಾಳಿ, ಹಾದಿಯ ಎರಡೂ ಬದಿಗೆ ಕಬ್ಬು, ಕಡಲೆ, ಒಂದೊಂದು ಕಡೆ ಕೊಯ್ದು ರಾಶಿ ಹಾಕಿದ ಜೋಳದ ಕಣಿಕೆ, ನೋಡುತ್ತ ಕೂತರೆ ಮನೆಯ ಚಿಂತೆ ಹಿಂದೆಯೇ ಉಳಿಯುತ್ತದೆ. ಜಹೀರಾಬಾದಿನಲ್ಲಿ ಚಹ ಕುಡಿದೆವು. ಹೈದರಾಬಾದಿನ ಗದ್ದಲ ಬೇಡವೆಂದು ಸಂಗಾರೆಡ್ಡಿಯಿಂದ ಒಳದಾರಿ ಹಿಡಿದು, ಚೇವೆಳ್ಳ, ಶಾದನಗರದ ಮೇಲಿಂದ ಕಲ್ವಕುರ್ತಿಗೆ ಬಂದಾಗ ಮಧ್ಯಾಹ್ನ. ಬಿಸಿಲು ಚುರುಗುಟ್ಟುತ್ತಿತ್ತು. ಚೀಲವನ್ನು ನಾನು ಬಲಗಡೆಗೆ ತೂಗುಬಿಟ್ಟಿದ್ದೆ. ಬಲಗಡೆ ಏನಿರುತ್ತದೆ? ಸೈಲೆನ್ಸರ್! ಅದರ ಶಾಖ ಬೆಳಗಿನಿಂದ ಚೀಲದ ತಳಕ್ಕೆ ಬಡಿಯುತ್ತಲೇ ಇತ್ತು.

ಊರ ಹೊರಗೆ ಒಂದು ಚಹದ ಗುಡಿಸಲು. ಗ್ಯಾಸಿನ ಒಲೆ ಭುಗುಭುಗು ಉರಿಯುತ್ತಿತ್ತು. ನಾನು ಪಕ್ಕದ ಬೆಂಚಿನ ಮೇಲೆ ಕೂತು ರೊಟ್ಟಿ ತೆಗೆಯೋಣ ಎಂದು ಚೀಲದ ಬಾಯಿ ಬಿಚ್ಚಿದೆ. ಘಮ್ಮೆಂದು ಪೆಟ್ರೋಲ್ ವಾಸನೆ. ಒಂದು ಬಾಟಲಿ ಹೊಟ್ಟೆ ಉಬ್ಬಿಸಿಕೊಂಡು, ಮುಚ್ಚಳದ ಸುತ್ತ ಒಸರುತ್ತಿದೆ. ರೊಟ್ಟಿಯ ಬಟ್ಟೆ ತೊಯ್ದಿದೆ, ನನ್ನ ಸೀರೆಯ ನೆರಿಗೆಯೂ ತೊಯ್ದಿದೆ. ದಾರಿಯುದ್ದಕ್ಕೂ ನನಗೆ ತಣ್ಣಗೆ ತಾಗುತ್ತಿತ್ತು. ನೀರಿನ ಬಾಟಲಿ ಸೋರಿದೆ ಅಂದುಕೊಂಡಿದ್ದೆ.

ಚಹ ಕಾಸುತ್ತಿದ್ದ ಹೆಂಗಸು ಮೂಗೆತ್ತಿ ನೋಡಿದಳು. ಮರುಕ್ಷಣ ಒಲೆ ಆರಿಸಿ, "ದೂರಂಗಾ ವೆಳ್ಳಮ್ಮಾ, ದೂರಂಗಾ!" ಎಂದು ಕೂಗುತ್ತ ನನ್ನ ರಟ್ಟೆ ಹಿಡಿದು ರಸ್ತೆಯ ಆಚೆಗೆ ಎಳೆದುಕೊಂಡು ಹೋದಳು. ಬೀಡಿ ಸೇದುತ್ತ ನಿಂತಿದ್ದ ಒಬ್ಬ ಲಾರಿಯ ಕ್ಲೀನರನನ್ನೂ ಬೈದು ಆಚೆ ಅಟ್ಟಿದಳು. ಆಮೇಲೆ ತನ್ನ ಮನೆಯೊಳಗೆ ಕರೆದು, ಸೀರೆ ಬದಲಿಸಲು ಹೇಳಿ, ಸಾಬೂನು ಕೊಟ್ಟು ಕಾಲು ತೊಳೆಸಿದಳು. ಭಾಷೆ ಅರೆಬರೆ ತಿಳಿಯಿತು. ಮಾತಿಗಿಂತ ಅವಳ ಕೈ ನಡುಗುತ್ತಿದ್ದುದನ್ನು ನೋಡಿ ನನಗೆ ಹೆಚ್ಚು ತಿಳಿಯಿತು.

ನಾವು ಅಡಿಗೆಮನೆಯವರು, ಬೆಂಕಿಯ ಸ್ವಭಾವ ನಮಗೆ ಗೊತ್ತು ಅಂದುಕೊಂಡಿರುತ್ತೇವೆ. ಸೀಮೆಎಣ್ಣೆಯ ಸ್ಟೋವ್ ಹಚ್ಚಿ ಬೆಳೆದವರು ನಾವು. ಆದರೆ ಪೆಟ್ರೋಲು ಸೀಮೆಎಣ್ಣೆಯ ಹಾಗಲ್ಲ. ಎಂಥ ಚಳಿಯಲ್ಲೂ ಅದರಿಂದ ಆವಿ ಏಳುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದಾಡಿ ತಗ್ಗಿನಲ್ಲಿ ನಿಲ್ಲುತ್ತದೆ. ನಾಲ್ಕು ಮಾರು ದೂರದಲ್ಲಿ ಒಲೆ ಇದ್ದರೂ ಅಲ್ಲಿಯವರೆಗೆ ತೆವಳಿ ಹೋಗಿ ಕಿಡಿ ಹಿಡಿದು ವಾಪಸು ಬರಬಹುದು. ಸುಡುವುದು ಪೆಟ್ರೋಲಿಗಿಂತ ಮುಂಚೆ ಅದರ ಉಸಿರು. ಅವಳು ಒಲೆ ಆರಿಸುವುದು ಒಂದು ನಿಮಿಷ ತಡವಾಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ರೊಟ್ಟಿ ಎಲ್ಲ ಹಾಳು. ಸೀರೆ ಬಿಸಿಲಿಗೆ ಹಾಕಿ ಬೇವಿನ ನೆರಳಲ್ಲಿ ಕೂತಾಗ ನಾನು ನಮ್ಮವರನ್ನು ಕೇಳಿದೆ: "ಟ್ಯಾಂಕಿನಾಗ ಎಷ್ಟು ಹಿಡಿತದ?" 10 ಲೀಟರ್. "ಲೀಟರಿಗೆ ಎಷ್ಟು ಕೊಡ್ತದ?" ಇಬ್ಬರು ಕೂತರೂ 50ಕ್ಕೆ ಕಡಿಮೆ ಇಲ್ಲ. ಹತ್ತು ಐದಲಿ ಐವತ್ತು, ಅದರ ಮುಂದೆ ಒಂದು ಸೊನ್ನೆ: 500 ಕಿ.ಮೀ. ನಮ್ಮ ದಾರಿ 350. ಅಂದರೆ ಬೀದರಿನಲ್ಲಿ ತುಂಬಿಸಿದ್ದೇ ಶ್ರೀಶೈಲ ಮುಟ್ಟಿ ಇನ್ನೂ ಉಳಿಯುತ್ತಿತ್ತು! ಅದೂ ಸಾಲದು ಎಂದರೆ ಕಣ್ಣೆದುರಿಗೇ ಕಲ್ವಕುರ್ತಿಯ ಪಂಪು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಯಾವ ವಾರ ಮುಗಿಯುತ್ತದೆ ಅಂತ ಹೇಳಬಲ್ಲೆ. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ನಿಂತ ಗಾಡಿಯದು ಮಾತ್ರ ನಾನು ಕೇಳಿರಲೇ ಇಲ್ಲ, ಅವರು ಕೂಡಿಸಿರಲೇ ಇಲ್ಲ.

ಗಾಡಿ ತಣ್ಣಗಾದ ಮೇಲೆ ಸೋರುತ್ತಿದ್ದ ಬಾಟಲಿಯನ್ನು ಟ್ಯಾಂಕಿಗೆ ಸುರಿದೆವು. ಇನ್ನೊಂದು ಸೋರಿರಲಿಲ್ಲ. "ಇದೊಂದು ಇರ್ಲಿ" ಎಂದರು. ಆ ಮಾತಿಗೆ ನಾನು ಆಗಲೇ ತಕರಾರು ಮಾಡಬೇಕಿತ್ತು.

ಮುಂದಿನ ದಾರಿ ಬಹಳ ಚೆಂದ. ಡಿಂಡಿಯ ಕೆರೆ ದಾಟಿ, ಮನ್ನನೂರಿನ ಚೆಕ್‌ಪೋಸ್ಟಿನಿಂದ ನಲ್ಲಮಲ ಕಾಡು. ಹುಲಿಗಳ ಕಾಯ್ದಿಟ್ಟ ಅರಣ್ಯ ಅದು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಗಾಡಿಗಳನ್ನು ಬಿಡುವುದಿಲ್ಲ. ಹೋಗುವವರು ನೆನಪಿಡಿ, ಅಲ್ಲಿ ಮುಗಿಯುವುದು ಪೆಟ್ರೋಲಲ್ಲ, ಹೊತ್ತು. ಎಲೆ ಉದುರಿದ ಮರಗಳ ನಡುವೆ ಐವತ್ತು ಕಿ.ಮೀ.ಗೂ ಹೆಚ್ಚು ದಾರಿ. ಒಂದು ತಿರುವಿನಲ್ಲಿ ಮಂಗಗಳ ಹಿಂಡು ಬಾಳೆಹಣ್ಣಿನ ಚೀಲ ಕಸಿದುಕೊಂಡಿತು. ಒಂದು ದೊಡ್ಡ ಮಂಗ ನಮ್ಮ ರೊಟ್ಟಿಯ ಗಂಟನ್ನೂ ಬಿಚ್ಚಿ, ಮೂಸಿ, ಮುಖ ಸಿಂಡರಿಸಿ ಅಲ್ಲೇ ಬಿಟ್ಟು ಹೋಯಿತು. ನಮ್ಮವರಿಗೆ ಆ ದಿನ ಮೊದಲ ಸಲ ನಗು ಬಂತು. ಆಮೇಲೆ ಘಾಟಿನ ಸುತ್ತು, ಕೆಳಗೆ ಕೃಷ್ಣೆ, ಅಣೆಕಟ್ಟು, ದೀಪ ಹಚ್ಚುವ ಹೊತ್ತಿಗೆ ಮಲ್ಲಯ್ಯನ ಊರು. ಅಕ್ಕಮಹಾದೇವಿ ಇದೇ ಕಾಡಿನ ದಾರಿಯಲ್ಲಿ ಒಬ್ಬಳೇ ನಡೆದು ಬಂದಳಲ್ಲ, ನಾವು ಗಾಡಿ, ಬುತ್ತಿ, ಬಾಟಲಿ ಎಲ್ಲ ಹೊತ್ತು ಹೆದರುತ್ತ ಬಂದೆವು ಅಂತ ಸಾಲಿನಲ್ಲಿ ನಿಂತಾಗ ಅನಿಸಿತು. ಎರಡು ದಿನ ಇದ್ದೆವು, ದರ್ಶನ ಚೆನ್ನಾಗಿ ಆಯಿತು, ವಾಪಸು ಬಂದೆವು.

ಸೋದರಿಯರೇ, ಪ್ರವಾಸದ ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೋಗಿ ಬಂದ ಮೇಲೆ ಉಳಿದ ಬಾಟಲಿ ಎಲ್ಲಿ ಹೋಗುತ್ತದೆ?

ನಮ್ಮ ಮನೆಯಲ್ಲಿ ಅದು ಮೊದಲು ಬಚ್ಚಲಮನೆಯ ಗೂಡಿನಲ್ಲಿ ಕೂತಿತು. ಮೊಮ್ಮಕ್ಕಳು ಬಂದಾರು, ಕೈಗೆ ಸಿಕ್ಕೀತು ಎಂದು ಅತ್ತೆಯವರು ಅದನ್ನು ಎತ್ತಿ ಅಡಿಗೆಮನೆಯ ಮೂಲೆಗೆ, ಕೊಡಗಳ ಹಿಂದೆ ಇಟ್ಟರು. ಒಳ್ಳೆಯದಕ್ಕೇ ಇಟ್ಟರು. ಹದಿನೈದು ದಿನವಾಯಿತು, ನಾನು ಮರೆತೇಬಿಟ್ಟೆ. ಮಾರ್ಚಿಯ ಬಿಸಿಲು. ನಾದಿನಿ ಮಗನನ್ನು ಕರೆದುಕೊಂಡು ಬಂದಿದ್ದಳು. ಆರು ವರ್ಷದ ಹುಡುಗ, ಓಣಿಯಲ್ಲಿ ಆಡಿ ಬೆವರಿ ಓಡಿ ಬಂದ. ನೀರಿನ ಬಾಟಲಿ, ನೀರಿನ ಕೊಡದ ಪಕ್ಕದಲ್ಲಿ. ಅವನಾದರೂ ಏನು ಅಂದುಕೊಳ್ಳಬೇಕು ಹೇಳಿ?

ಒಂದು ಗುಟುಕು ಬಾಯಿಗೆ ಹೋಗಿದೆ. ಉಗುಳಿ, ಕೆಮ್ಮಿ, ಕಣ್ಣು ಕೆಂಪಾಗಿ ಚೀರಿದ. ಅತ್ತೆಯವರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಲೋಟ ಹಿಡಿದರು. ನಾನೂ ಅದೇ ಸರಿ ಅಂದುಕೊಂಡಿದ್ದೆ. ದೇವರು ದೊಡ್ಡವನು, ಪಕ್ಕದ ಮನೆಯಲ್ಲಿ ದವಾಖಾನೆಯಲ್ಲಿ ಸಿಸ್ಟರ್ ಆಗಿರುವ ಹುಡುಗಿ ಇದ್ದಳು. ಓಡಿ ಬಂದವಳೇ ಲೋಟ ಕಸಿದುಕೊಂಡಳು. "ವಾಂತಿ ಮಾಡಿಸಬ್ಯಾಡ್ರಿ ಅಮ್ಮಾ! ಒಳಗ ಹೋಗಿದ್ದು ಮ್ಯಾಲ ಬರೂಮುಂದ ಪುಪ್ಪುಸಕ್ಕ ಇಳೀತದ!"

ಈ ಮಾತನ್ನು ದಯವಿಟ್ಟು ಅಡಿಗೆಮನೆಯ ಗೋಡೆಗೆ ಬರೆದಿಟ್ಟುಕೊಳ್ಳಿ. ಪೆಟ್ರೋಲು, ಸೀಮೆಎಣ್ಣೆ, ಟರ್ಪೆಂಟೈನು, ಇವು ಹೊಟ್ಟೆಗೆ ಹೋಗುವುದಕ್ಕಿಂತ ಪುಪ್ಪುಸಕ್ಕೆ ಹೋಗುವುದು ಕೇಡು. ಬಹಳ ತೆಳು, ಕೆಮ್ಮಿದರೆ, ಓಕರಿಸಿದರೆ ಗಾಳಿಯ ಕೊಳವೆಗೆ ಸರಕ್ಕನೆ ಇಳಿದು ಒಳಗೆಲ್ಲ ಹರಡುತ್ತದೆ. ವಾಂತಿ ಮಾಡಿಸಬಾರದು, ಬಾಯಲ್ಲಿ ಬೆರಳು ಹಾಕಬಾರದು, ಉಪ್ಪು ನೀರು ಬೇಡ. ಬಾಯಿ ಒರೆಸಿ, ತೊಯ್ದ ಬಟ್ಟೆ ತೆಗೆದು, ಮೈ ತೊಳೆದು, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ. ಮಗು ಆಡಿಕೊಂಡೇ ಇದ್ದರೂ ಸರಿ, ಹೋಗಲೇಬೇಕು. ಉಸಿರಿನ ತೊಂದರೆ ಕೆಲವು ತಾಸು ಬಿಟ್ಟು ಕಾಣಿಸಿಕೊಳ್ಳುವುದುಂಟು.

ಬೀದರಿಗೆ ಅದೇ ಗಾಡಿಯ ಮೇಲೆ ಹೋದೆವು. ಹನ್ನೆರಡು ಕಿ.ಮೀ. ದಾರಿ ಶ್ರೀಶೈಲಕ್ಕಿಂತ ಉದ್ದವಾಗಿತ್ತು. ಎದೆಯ ಎಕ್ಸ್‌ರೇ ತೆಗೆದರು, ಒಂದು ರಾತ್ರಿ ಇಟ್ಟುಕೊಂಡು ಉಸಿರು ಎಣಿಸುತ್ತಲೇ ಇದ್ದರು. ಪುಣ್ಯ, ಒಳಗೆ ಇಳಿದಿರಲಿಲ್ಲ. ಬೆಳಿಗ್ಗೆ ಹುಡುಗ ಬಿಸ್ಕತ್ತು ಕೇಳಿದಾಗ ನಾದಿನಿ ಗೋಡೆಗೆ ಮುಖ ಮಾಡಿ ಅತ್ತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುವರ್ಷ ನನ್ನ ಅಣ್ಣನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಲಡಾಖಿಗೆ ಮೋಟಾರ್ ಸೈಕಲ್ ಮೇಲೆ ಹೊರಟ. ಪೆಟ್ರೋಲಿನ ಡಬ್ಬಿ ಕಟ್ಟಿಕೊಂಡು ಹೋಗುತ್ತೇನೆ ಅತ್ತೆ, ಅಂದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ಫೋನಿನಲ್ಲೇ ಜಗಳ ತೆಗೆದೆ. ಅವನು ಸಮಾಧಾನದಿಂದ ಲೆಕ್ಕ ಹೇಳಿದ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬ ಊರು, ಅಲ್ಲಿಯ ಪಂಪಿನ ಹತ್ತಿರ "ಮುಂದಿನ ಪಂಪು 365 ಕಿ.ಮೀ." ಎಂದು ಬರೆದ ಬೋರ್ಡು ಬಹಳ ವರ್ಷ ಪ್ರಸಿದ್ಧ, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅವನ ಗಾಡಿಯ ಟ್ಯಾಂಕು 13 ಲೀಟರ್. ಏರು, ಕಲ್ಲು, ಮರಳು, ಹದಿನಾರು-ಹದಿನೇಳು ಸಾವಿರ ಅಡಿ ಎತ್ತರದ ಘಾಟುಗಳು, ಲೀಟರಿಗೆ 30 ಬಂದರೆ ಹೆಚ್ಚು. 365ಕ್ಕೆ 12 ಲೀಟರ್ ದಾಟುತ್ತದೆ. ಉಳಿಯುವುದು ಒಂದು ಲೀಟರಿಗೂ ಕಡಿಮೆ! ದಾರಿ ಕುಸಿದು ಹಿಂದಿರುಗಬೇಕಾಗಿ ಬಂದರೆ? ಅಲ್ಲಿ 5 ಲೀಟರಿನ ಡಬ್ಬಿ ಹೆದರಿಕೆಯಲ್ಲ, ಲೆಕ್ಕ. ಹೊಸ ಗಾಡಿಗಳಲ್ಲಿ ರಿಸರ್ವ್ ನಲ್ಲಿಯೂ ಇಲ್ಲ. ಟ್ಯಾಂಕಿನೊಳಗಿನ ಸಣ್ಣ ಪಂಪು ಪೆಟ್ರೋಲಿನಿಂದಲೇ ತಂಪಾಗುವುದರಿಂದ ಪೂರ್ತಿ ಒಣಗಿಸಿದರೆ ಅದು ಕೆಡುವ ಭಯ ಬೇರೆ.

ಅವನು ತಂದದ್ದು ಕಬ್ಬಿಣದ ತಗಡಿನ ಡಬ್ಬಿ, ಜೆರ್ರಿಕ್ಯಾನ್ ಅಂತಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯವರು ಸೈನ್ಯಕ್ಕಾಗಿ 20 ಲೀಟರಿನ ಅಂಥ ಡಬ್ಬಿ ಮಾಡಿದ್ದು, ಇಂಗ್ಲಿಷರು ಜರ್ಮನರನ್ನು 'ಜೆರ್ರಿ' ಎಂದು ಕರೆಯುತ್ತಿದ್ದರಿಂದ ಆ ಹೆಸರು. ನಮ್ಮ ದೇಶದ 1934ರ ಪೆಟ್ರೋಲಿಯಂ ಕಾಯಿದೆಯಲ್ಲೂ ಇದರ ಮಾತಿದೆಯಂತೆ: ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಬಿಗಿ ಮುಚ್ಚಳದ ಲೋಹದ ಡಬ್ಬಿಯಾದರೆ 25 ಲೀಟರ್ ಮೀರಬಾರದು, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್ ಮೀರಬಾರದು. ಆ ಕಲಮಿನಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಜಾಗವೇ ಇಲ್ಲ. ನಮ್ಮ ಅಪ್ಪನ ಗಾಜಿನ ಬಾಟಲಿಯೇ ವಾಸಿ! (ಕಿರಾಣಿ ಅಂಗಡಿಯವನು ಮಾರುತ್ತಿದ್ದದ್ದು ಬೇರೆ ಮಾತು.)

ಡಬ್ಬಿಯನ್ನು ನೆಲದ ಮೇಲಿಟ್ಟೇ ತುಂಬಿಸಬೇಕಂತೆ, ಗಾಡಿಗೆ ಕಟ್ಟಿದ ಹಾಗೆಯೇ ಅಲ್ಲ. ಚಳಿಗಾಲದಲ್ಲಿ ನೈಲಾನ್ ಸೀರೆ ಕಳಚುವಾಗ ಚಟಚಟ ಅನ್ನುತ್ತದಲ್ಲ, ಅಂಥದೇ ಕಿಡಿ ಸಾಕು ಪೆಟ್ರೋಲಿಗೆ. ಕಂಠಪೂರ್ತಿ ತುಂಬಬಾರದು, ಹಾಲು ಉಕ್ಕಲು ಪಾತ್ರೆಯಲ್ಲಿ ಜಾಗ ಬಿಡುವ ಹಾಗೆ, ಬಿಸಿಲಿಗೆ ಹಿಗ್ಗಲು ಜಾಗ ಬಿಡಬೇಕು. ಸೈಲೆನ್ಸರಿನಿಂದ ದೂರ, ಚೀಲದ ಹೊರಗೆ, ಬಟ್ಟೆ-ತಿಂಡಿಯ ಜೊತೆ ಬೇಡ. ಬೆಂಗಳೂರಿನಿಂದ ಹೊತ್ತು ಒಯ್ಯುವ ಕೆಲಸವೂ ಇಲ್ಲ, ಕೊನೆಯ ಪಂಪಿನಲ್ಲೇ ತುಂಬಿಸಿದರಾಯಿತು. ಅವನ ಗಾಡಿ ಚಂಡೀಗಢದವರೆಗೆ ರೈಲಿನಲ್ಲಿ ಹೋಯಿತು. ಟ್ಯಾಂಕು ಖಾಲಿ ಮಾಡಿಯೇ ಪಾರ್ಸೆಲ್ಲಿಗೆ ಕೊಡಬೇಕು. ರೈಲಿನಲ್ಲಿ ಪೆಟ್ರೋಲ್ ಒಯ್ದರೆ ಮೂರು ವರ್ಷದವರೆಗೆ ಜೈಲು ಎಂದು ಕಾಯಿದೆ ಇದೆ. ಇಷ್ಟೆಲ್ಲ ಕೇಳಿ ನಾನು ಒಂದೇ ಮಾತು ಕೇಳಿದೆ: "ಉಳಿದಿದ್ದು ಏನ್ ಮಾಡ್ತೀ?"

"ಟ್ಯಾಂಕಿನಾಗ ಜಾಗ ಆದ ಕೂಡಲೇ ಸುರೀತೀನಿ ಅತ್ತಿ. ಮನಿಗಿ ಖಾಲಿ ಡಬ್ಬಿ ಬರ್ತದ."

ಬಂತು. ಅದನ್ನು ನಾನೇ ಬಿಚ್ಚಿ ಮೂಸಿ ನೋಡಿದೆ. ಅವನು ನಕ್ಕ, ನಗಲಿ.

ಈಗ ನಮ್ಮ ಕ್ಯಾಲೆಂಡರಿನಲ್ಲಿ ಸಿಲಿಂಡರಿನ ತಾರೀಖಿನ ಪಕ್ಕ ಗಾಡಿಯ ಕಿ.ಮೀ. ಇರುತ್ತದೆ. ಟ್ಯಾಂಕು ತುಂಬಿಸಿ ಬಂದ ದಿನ ನಮ್ಮವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಅರ್ಧಕ್ಕೆ ಇಳಿದರೆ ತುಂಬಿಸುವುದು, ದೂರದ ದಾರಿಯಾದರೆ ಪಂಪುಗಳು ಎಲ್ಲೆಲ್ಲಿವೆ ಅಂತ ಹಿಂದಿನ ರಾತ್ರಿಯೇ ಕೇಳಿಕೊಳ್ಳುವುದು. ಭಾಲ್ಕಿ ಹಾದಿಯಲ್ಲಿ ನೂಕಿದ ಕಥೆಯನ್ನು ಅವರು ಇನ್ನೂ ಹೇಳುತ್ತಾರೆ, ಕಲ್ವಕುರ್ತಿಯದನ್ನು ಹೇಳುವುದಿಲ್ಲ.

ನಾದಿನಿಯ ಮಗನಿಗೆ ಈಗ ಬುದ್ಧಿ ಬಂದಿದೆ, ಶಾಲೆಯಲ್ಲಿ ಜಾಣ. ನಮ್ಮ ಮನೆಗೆ ಬಂದಾಗ ನಾನೇ ತಾಮ್ರದ ಲೋಟದಲ್ಲಿ ನೀರು ಕೊಡುತ್ತೇನೆ. ಕುಡಿಯುವ ಮುಂಚೆ ಒಂದು ಸಲ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಾನೆ. ಆಮೇಲೆ ನನ್ನ ಮುಖ ನೋಡಿ ಕುಡಿಯುತ್ತಾನೆ.